ಅನ್ನ ಹಾಕುವವರು ಯಾರು?

"ಇದಕ್ಕೆ ದಿನಾ ಅನ್ನ ಹಾಕೋರು ಯಾರು?"

ನಾಯಿಯನ್ನು ಟೇಬಲ್ ಮೇಲೆ ಮಲಗಿಸಿದೊಡನೆ ಈ ಪ್ರಶ್ನೆ ಕೇಳುವ ಪಶುವೈದ್ಯರ ಬಗ್ಗೆ ನನಗೆ ತಾನಾಗಿಯೇ ಗೌರವ ಹುಟ್ಟುತ್ತದೆ. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಾಯಿಯನ್ನು ಆಸ್ಪತ್ರೆಗೆ ತರುವವರು ಒಬ್ಬರು, ಅದರ ಜೊತೆ ದಿನ ಕಳೆಯುವವರು ಇನ್ನೊಬ್ಬರು. ಜೀಪಿನಲ್ಲಿ ತಂದವರು ತೋಟದ ಯಜಮಾನರೋ ರೈಟರೋ ಆಗಿರುತ್ತಾರೆ. ನೀರು ಎಷ್ಟು ಕುಡಿಯಿತು, ಉಚ್ಚೆ ಸಲೀಸಾಗಿ ಹೋಯಿತೇ, ಕೊನೆಯ ಸಲ ಬೆದೆಗೆ ಬಂದದ್ದು ಯಾವಾಗ, ವಾಂತಿಯಾದದ್ದು ತಿಂದ ಕೂಡಲೋ ಎಷ್ಟೋ ಹೊತ್ತಿನ ಮೇಲೋ, ಇವೆಲ್ಲ ಗೊತ್ತಿರುವುದು ಹಿತ್ತಿಲ ಬಾಗಿಲಲ್ಲಿ ಅನ್ನ ಹಾಕುವ ಹೆಂಗಸಿಗೆ, ಕಣ ಕಾಯುವ ಮುದುಕನಿಗೆ, ಶಾಲೆಯಿಂದ ಬಂದೊಡನೆ ಅದರ ಕಿವಿಯ ಉಣುಗು ಕೀಳುವ, ತೋಟದ ಕೂಲಿಯವರ ಲೈನ್‌ಮನೆಯ ಹುಡುಗನಿಗೆ. ಮೂಕಪ್ರಾಣಿಯ ರೋಗದ ಕಥೆ ಬೇರೆಯವರ ಬಾಯಲ್ಲಿರುತ್ತದೆ. ಆ ಬಾಯಿ ಆಸ್ಪತ್ರೆಗೆ ಬರದಿದ್ದರೆ, ಎಕ್ಸ್‌ರೇ ಸ್ಕ್ಯಾನಿಂಗ್ ಎಲ್ಲ ಇದ್ದೂ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ನಮ್ಮ ಮನೆಯ ನಡುವಯಸ್ಸಿನ ಹೆಣ್ಣುನಾಯಿ ಒಂದು ಮಳೆಗಾಲದಲ್ಲಿ ಮಂಕಾಗಿ ಮೂಲೆ ಸೇರಿತು. ನೋಡಿದವರೆಲ್ಲ ಥಂಡಿಗೆ ಹೀಗಾಗಿದೆ ಅಂದರು. ಮನೆಗೆಲಸಕ್ಕೆ ಬರುವ ಅಕ್ಕ ಮಾತ್ರ ಒಪ್ಪಲಿಲ್ಲ. "ಥಂಡಿ ಅಲ್ಲಣ್ಣ. ಬೆಳಿಗ್ಗೆಯಿಂದ ಮರಿಗೆಗೆ ಮತ್ತೆ ಮತ್ತೆ ನೀರು ತುಂಬಿಸ್ತಾ ಇದೀನಿ, ನಿಲ್ತಾನೇ ಇಲ್ಲ. ಬೆದೆ ಮುಗಿದು ಇನ್ನೂ ಎರಡು ತಿಂಗಳೂ ಆಗಿಲ್ಲ ನೋಡಿ ಇದಕ್ಕೆ." ಈ ಎರಡು ಮಾತನ್ನು ಇದ್ದಂತೆಯೇ ವೈದ್ಯರಿಗೆ ಹೇಳಿದೆ. ಅವರು ನಾಯಿಯ ಹೊಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ಅದುಮಿ ನೋಡಿ, ಸ್ಕ್ಯಾನಿಂಗ್‌ಗೆ ಬರೆದರು. ಗರ್ಭಕೋಶದ ತುಂಬ ಕೀವು.

ಪಯೋಮೆಟ್ರಾ ಎಂಬ ಈ ರೋಗ ಮರಿ ಹಾಕದ, ಸಂತಾನಹರಣ ಮಾಡಿಸದ ಹೆಣ್ಣುನಾಯಿಗಳಲ್ಲಿ ಬಹಳ ಸಾಮಾನ್ಯ. ಬೆದೆ ಮುಗಿದ ಮೇಲೆ ಬಸಿರಿರಲಿ ಬಿಡಲಿ, ಪ್ರೊಜೆಸ್ಟೆರೋನ್ ಹಾರ್ಮೋನು ವಾರಗಟ್ಟಲೆ ಗರ್ಭಕೋಶದ ಒಳಪದರವನ್ನು ದಪ್ಪ ಮಾಡುತ್ತ ಹೋಗುತ್ತದೆ. ಆ ಮೆತ್ತನೆಯ ಜಾಗದಲ್ಲಿ ಇ. ಕೋಲಿಯಂಥ ಬ್ಯಾಕ್ಟೀರಿಯಾ ಸೇರಿಕೊಂಡರೆ ಕೀವು ಕಟ್ಟುತ್ತದೆ. ಹೆಚ್ಚಾಗಿ ಬೆದೆಯಾದ 4ರಿಂದ 8 ವಾರಗಳೊಳಗೆ ತೋರಿಕೊಳ್ಳುತ್ತದೆ. ಬ್ಯಾಕ್ಟೀರಿಯಾದ ವಿಷ ಮೂತ್ರಪಿಂಡಕ್ಕೆ ನೀರು ಹಿಡಿದಿಡಲು ಬಿಡುವುದಿಲ್ಲ. ಅದಕ್ಕೇ ನಾಯಿ ಉಚ್ಚೆ ಹೊಯ್ಯುತ್ತಲೇ ಇರುತ್ತದೆ, ಕುಡಿಯುತ್ತಲೇ ಇರುತ್ತದೆ. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಸುರಿದು ಕಣ್ಣಿಗೆ ಬೀಳುತ್ತದೆ. ಮುಚ್ಚಿದ್ದರೆ ಹೊರಗೇನೂ ಕಾಣದು, ಅಪಾಯ ಹೆಚ್ಚು. ಬರಿದಾದ ಆ ನೀರಿನ ಮರಿಗೆಯೇ ನಮ್ಮ ನಾಯಿಯ ರೋಗದ ಮೊದಲ ಗುರುತು. ಅದನ್ನು ಕಂಡದ್ದು ಅನ್ನ ಹಾಕುವ ಕೈ.

ಆ ಶಸ್ತ್ರಚಿಕಿತ್ಸೆಯನ್ನು ಬಾಗಿಲ ಗಾಜಿನಾಚೆ ನಿಂತು ನೋಡಲು ವೈದ್ಯರು ಬಿಟ್ಟರು. ಮೊದಲು ಡ್ರಿಪ್ ಹಾಕಿ, ಒಣಗಿದ್ದ ಮೈಗೆ ಗಂಟೆಗಟ್ಟಲೆ ನೀರು ತುಂಬಿದರು. ಅವಸರದ ರೋಗಕ್ಕೂ ಇಷ್ಟು ತಾಳ್ಮೆ ಬೇಕೇ ಎಂದು ನನಗೆ ಆಶ್ಚರ್ಯ. ನೀರಿಲ್ಲದ ದೇಹಕ್ಕೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಕುಸಿದು ಟೇಬಲ್ ಮೇಲೇ ಹೋಗಿಬಿಡಬಹುದು ಎಂದರು. ಆಮೇಲೆ ಹೊಟ್ಟೆಯ ಕೂದಲು ತೆಗೆದು, ಅಯೋಡಿನ್ ಹಚ್ಚಿ, ನಡುಗೆರೆಯಲ್ಲಿ ಸೀಳಿದರು. ಆರೋಗ್ಯವಂತ ನಾಯಿಯಲ್ಲಿ ಕಿರುಬೆರಳಿಗಿಂತ ತೆಳ್ಳಗಿರುವ ಗರ್ಭಕೋಶದ ಎರಡು ಕವಲುಗಳು ನನ್ನ ಮಣಿಕಟ್ಟಿಗಿಂತ ದಪ್ಪವಾಗಿ, ಮಾಸಲು ಕೆಂಪು ಬಣ್ಣ ತಿರುಗಿ ಹೊರಬಂದವು. ವೈದ್ಯರು ಅವನ್ನು ಎಳೆಯಲಿಲ್ಲ, ಎರಡೂ ಅಂಗೈ ಅಡಿಗೆ ಕೊಟ್ಟು ಎತ್ತಿದರು. ಉಬ್ಬಿದ ಗೋಡೆ ಹರಿದು ಒಂದು ಚಮಚ ಕೀವು ಹೊಟ್ಟೆಯೊಳಗೆ ಚೆಲ್ಲಿದರೂ ಕೆಲಸ ಕೆಟ್ಟಂತೆ. ಅಂಡಾಶಯದ ರಕ್ತನಾಳಗಳನ್ನು ಗಂಟು ಹಾಕಿದರು, ಬಿಗಿಯಾಗಿದೆಯೇ ನೋಡಿದರು, ಇನ್ನೊಂದು ಗಂಟು ಹಾಕಿದರು, ಆಮೇಲೆ ಕತ್ತರಿಸಿದರು. ಹೊಲಿಗೆ ಮುಗಿಯುವ ಮೊದಲು ಸಹಾಯಕಿ ರಕ್ತ ಒರೆಸಿದ ಬಟ್ಟೆಗಳನ್ನು ಒಂದೊಂದಾಗಿ ಎಣಿಸಿ ಲೆಕ್ಕ ಒಪ್ಪಿಸಿದಳು. ಅಲ್ಲಿ ಧೈರ್ಯ ಪ್ರದರ್ಶನಕ್ಕೆ ಜಾಗವೇ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ ನಾನು ಕಂಡದ್ದು ಎಚ್ಚರ ಒಂದನ್ನೇ.

ಮನೆಗೆ ಬಂದು ಯೋಚಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು. ಹಿತ್ತಿಲಲ್ಲಿ ನೀರು ತುಂಬಿಸಿದ ಅಕ್ಕನ ಎಚ್ಚರವೂ ಟೇಬಲ್ ಬಳಿ ಗಂಟು ಬಿಗಿದ ವೈದ್ಯರ ಎಚ್ಚರವೂ ಒಂದೇ ಜಾತಿಯವು. ಎರಡರಲ್ಲಿ ಯಾವುದು ತಪ್ಪಿದರೂ ನಾಯಿ ಬದುಕುತ್ತಿರಲಿಲ್ಲ. ಒಂದಕ್ಕೆ ಪದವಿ ಇದೆ, ಫೀಸು ಇದೆ, ಬೋರ್ಡು ಇದೆ. ಇನ್ನೊಂದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕಾಫಿ ಸೀಮೆಯ ನಾಯಿಯ ಬದುಕು ಪೇಟೆಯ ನಾಯಿಯದಲ್ಲ. ಇಲ್ಲಿ ಅದಕ್ಕೆ ಕೆಲಸವಿದೆ. ರಾತ್ರಿ ಕಣ ಕಾಯಬೇಕು, ಮಂಗ ಓಡಿಸಬೇಕು, ಬಾಳೆಗೋ ಗದ್ದೆಗೋ ನುಗ್ಗಿದ ಕಾಡುಹಂದಿಯನ್ನು ತಡೆಯಬೇಕು. ಚಿರತೆ ಅಂಗಳಕ್ಕೇ ಬಂದು ಹೊತ್ತೊಯ್ಯುವ ಸೀಮೆ ಇದು. ಹಂದಿಗೆಂದು ಬೇಲಿ ಸಂದಿಯಲ್ಲಿ ಕಟ್ಟಿದ ತಂತಿಯ ಉರುಳು ನಾಯಿಯ ಸೊಂಟ ಕೊಯ್ಯುತ್ತದೆ, ಹಂದಿಗೆಂದು ಇಟ್ಟ ಸಿಡಿಮದ್ದು ಅದರ ದವಡೆ ಒಡೆಯುತ್ತದೆ. ತೇಜಸ್ವಿಯವರ 'ಕರ್ವಾಲೋ' ಮತ್ತು 'ಪರಿಸರದ ಕತೆ' ಓದಿದವರಿಗೆ ಮೂಡಿಗೆರೆಯ ಕಾಡಿನಲ್ಲಿ ಅಲೆಯುವ ಕಿವಿ ಎಂಬ ನಾಯಿ ಮನೆಯ ನಾಯಿಯಷ್ಟೇ ಪರಿಚಿತ. ಅಂಥ ನಾಯಿಗಳು ಇಲ್ಲಿ ತೋಟಕ್ಕೊಂದರಂತೆ ಇವೆ. ಅವುಗಳ ಮೈಮೇಲಿನ ಹೊಲಿಗೆಯ ಗುರುತುಗಳನ್ನು ಬರೆದವರಿಲ್ಲ.

ಹಂದಿಯ ಕೋರೆ ಮಾಡುವ ಗಾಯದ ಮೋಸ ಇಲ್ಲಿನ ವೈದ್ಯರಿಗೆ ಚೆನ್ನಾಗಿ ಗೊತ್ತು. ಮೇಲೆ ಒಂದಿಂಚು ತೂತು, ಒಳಗೆ ಒಂದು ಗೇಣು ಹರಿದಿರುತ್ತದೆ. ಕೋರೆ ನುಗ್ಗಿಸಿ ತಲೆ ಎತ್ತುವಾಗ ಚರ್ಮದಡಿಯ ಸ್ನಾಯು ಬಿಟ್ಟುಕೊಂಡು ಬರುತ್ತದೆ. ಚರ್ಮ ಪೂರ್ತಿ ಹರಿಯದಿದ್ದರೂ ಕರುಳು ಹೊರಬಂದು ಚರ್ಮದ ಕೆಳಗೆ ಕೂತಿರಬಹುದು. ಮೇಲಿನ ತೂತಿಗೆ ಎರಡು ಹೊಲಿಗೆ ಹಾಕಿ ಕಳಿಸಿದರೆ ಒಳಗೆ ಮಣ್ಣು, ಕೂದಲು, ಕೊಳಕು ಉಳಿದು ಕೀವಾಗುತ್ತದೆ. ಆದ್ದರಿಂದ ಗಾಯವನ್ನು ಇನ್ನಷ್ಟು ತೆರೆದೇ ನೋಡಬೇಕು. ಕರುಳು ಗುಲಾಬಿ ಬಣ್ಣದ್ದೇ, ಮುಟ್ಟಿದರೆ ಅಲೆಯಾಡುತ್ತದೆಯೇ, ಅದಕ್ಕೆ ಹೋಗುವ ರಕ್ತನಾಳ ಮಿಡಿಯುತ್ತಿದೆಯೇ? ಕಪ್ಪಾಗಿ ಸುಮ್ಮನೆ ಬಿದ್ದಿರುವ ಭಾಗವನ್ನು ಕತ್ತರಿಸಿ, ಎರಡು ತುದಿ ಜೋಡಿಸಿ ಹೊಲಿಯಬೇಕು. ಉಸಿರಾಟ ಕಷ್ಟವಾಗಿದ್ದರೆ ಎದೆಗೂಡು ತೂತಾಗಿದೆಯೇ, ಎದೆಗೂ ಹೊಟ್ಟೆಗೂ ನಡುವಿನ ವಪೆ ಹರಿದು ಕರುಳು ಎದೆಯೊಳಗೆ ಏರಿದೆಯೇ ಎಂದು ಎಕ್ಸ್‌ರೇಯಲ್ಲಿ ನೋಡಬೇಕು. ಹೊರಬಂದ ಕರುಳನ್ನು ಮನೆಯಲ್ಲಿ ಒಳಗೆ ತಳ್ಳಲು ಹೋಗಬಾರದು. ಅರಿಶಿನವೂ ಬೇಡ, ಕಾಫಿಪುಡಿಯೂ ಬೇಡ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆ ಸುತ್ತಿ, ಬಾಯಿಗೆ ಏನೂ ಹಾಕದೆ ಹೊರಡಬೇಕು.

ನಾಯಿಯೂ ಹಂದಿಯೂ ಹೊಡೆದಾಡಿದ ಕಥೆ ಕನ್ನಡ ನಾಡಿಗೆ ಹಳೆಯದು. ಮದ್ದೂರು ಬಳಿಯ ಆತಕೂರಿನ ವೀರಗಲ್ಲು ಕ್ರಿ.ಶ. 949-50ರದ್ದು. ಗಂಗರ ಬೂತುಗ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಮಣಲೇರ ಎಂಬ ವೀರ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಡೂ ಮಾಡಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಹೆಮ್ಮೆಯೂ ಆಗುತ್ತದೆ, ಕಸಿವಿಸಿಯೂ ಆಗುತ್ತದೆ. ಸತ್ತ ನಾಯಿಗೆ ಕಲ್ಲು ನೆಡುವುದು ನಮಗೆ ಸಾವಿರ ವರ್ಷದ ಹಿಂದೆಯೇ ತಿಳಿದಿತ್ತು. ಚಾಲುಕ್ಯರ ಕಾಲದ ಕೀರ್ತಿವರ್ಮ ಹಸುಗಳಿಗಾಗಿ 'ಗೋವೈದ್ಯ' ಬರೆದ, ಅಭಿನವಚಂದ್ರ ಕುದುರೆಗಳಿಗಾಗಿ 'ಅಶ್ವವೈದ್ಯ' ಬರೆದ. ಉಳುವ, ಹಾಲು ಕೊಡುವ, ಯುದ್ಧಕ್ಕೆ ಹೋಗುವ ಪ್ರಾಣಿಗೆ ವೈದ್ಯ ಸಿಕ್ಕ. ಗಾಯಗೊಂಡ ನಾಯಿಯನ್ನು ರೋಗಿ ಎಂದು ಕಾಣುವುದಕ್ಕೆ ನಾವು ಬಹಳ ತಡಮಾಡಿದೆವು.

ಸರ್ಕಾರಿ ಪಶು ಆಸ್ಪತ್ರೆಗಳೂ ಮುಖ್ಯವಾಗಿ ದನಕ್ಕಾಗಿ ಬೆಳೆದವು. ಊರಿನವರ ಬಾಯಲ್ಲಿ ಅಲ್ಲಿನ ವೈದ್ಯರು ಇಂದಿಗೂ ದನದ ಡಾಕ್ಟ್ರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಶುರುವಾದದ್ದು 1958ರಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ 2004ರಲ್ಲಿ. ಈಗ ಶಿವಮೊಗ್ಗ, ಹಾಸನಗಳಲ್ಲೂ ಕಾಲೇಜುಗಳಿವೆ. ನಮಗೆ ಕಾಲೇಜು ಮಟ್ಟದ ಶಸ್ತ್ರಚಿಕಿತ್ಸೆ ಸಿಗುವ ಹತ್ತಿರದ ಜಾಗಗಳು ಇವೇ. ಆದರೆ ಹತ್ತಿರ ಎಂದರೆ ಎಷ್ಟು? ಕಳಸದಿಂದ ಚಿಕ್ಕಮಗಳೂರಿಗೇ ಸುಮಾರು 90 ಕಿ.ಮೀ., ಅಲ್ಲಿಂದ ಹಾಸನಕ್ಕೆ ಇನ್ನೂ 60. ಮಂಗಳೂರಿನ ಕಡೆ ಇಳಿಯೋಣವೆಂದರೆ ಮಳೆಗಾಲದ ಘಾಟಿಯನ್ನು ನಂಬುವಂತಿಲ್ಲ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ದಾರಿಯೇ ಬಂದಾಗಿತ್ತು.

ಹೊಟ್ಟೆ ತಿರುಚಿದ ನಾಯಿಗೆ ಈ ದೂರವೇ ಯಮ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ನಂಥ ಎದೆ ಆಳವಾದ ತಳಿಗಳಲ್ಲಿ ಜಠರ ಗಾಳಿ ತುಂಬಿ ತಿರುಗಿಬಿಡುತ್ತದೆ. ಹೊಟ್ಟೆ ಬಿಗಿಯಾಗಿ ಉಬ್ಬುತ್ತದೆ, ವಾಂತಿಗೆ ಮತ್ತೆ ಮತ್ತೆ ಓಕರಿಸಿದರೂ ಏನೂ ಬರುವುದಿಲ್ಲ. ಕೆಲವೇ ಗಂಟೆಗಳ ಆಟ. ಇಂಥ ಹೊತ್ತಿನಲ್ಲಿ ತಾಲ್ಲೂಕು ಆಸ್ಪತ್ರೆಯ ವೈದ್ಯರು ದಪ್ಪ ಸೂಜಿ ಚುಚ್ಚಿ ಗಾಳಿ ಬಿಟ್ಟು, ಡ್ರಿಪ್ ಹಚ್ಚಿ ಕಳಿಸಿದರೆ ದಾರಿಯ ಹೊತ್ತು ಸಿಗುತ್ತದೆ. ದೊಡ್ಡ ಆಪರೇಷನ್ ಹಾಸನದಲ್ಲೋ ಶಿವಮೊಗ್ಗದಲ್ಲೋ ಆಗಬಹುದು, ಪ್ರಾಣ ಹಿಡಿದು ನಿಲ್ಲಿಸುವ ಕೆಲಸ ಮೂಡಿಗೆರೆಯಲ್ಲೇ ಆಗಬೇಕು.

ರೋಗಪತ್ತೆಯ ಹೆಚ್ಚಿನ ಜಾಣತನ ಇರುವುದು ಕತ್ತರಿಸಬಾರದ್ದನ್ನು ಗುರುತಿಸುವುದರಲ್ಲಿ. ನಮ್ಮ ಕಡೆಯ ನಾಯಿಯ ಮೂಗಿನಿಂದ ರಕ್ತ ಸುರಿಯುತ್ತಿದೆ ಅನ್ನಿ. ಹಂದಿಯೋ ದನವೋ ಒದ್ದಿರಬಹುದು, ಮೂಗಿನೊಳಗೆ ಗಡ್ಡೆ ಬೆಳೆದಿರಬಹುದು. ಹಳ್ಳದ ನೀರು ಕುಡಿಯುವಾಗ ಸೇರಿಕೊಂಡ ಜಿಗಣೆ ಒಳಗೇ ಮನೆ ಮಾಡಿಕೊಂಡಿರಲೂಬಹುದು. ಕಾಲಿಗೆ ಹತ್ತುವ ಇಂಬಳ ಬೇರೆ, ಮೂಗಿಗೆ ಸೇರುವ ಈ ನೀರಿನ ಜಿಗಣೆ ಬೇರೆ. ಹೊಳ್ಳೆಯ ಹತ್ತಿರ ನೀರಿಟ್ಟು ಕಾದರೆ ಅದು ತಲೆ ಹೊರಹಾಕುತ್ತದೆ, ಆಗ ಇಕ್ಕಳದಿಂದ ಹಿಡಿದೆಳೆದರೆ ಮುಗಿಯಿತು. ಇದ್ಯಾವುದೂ ಅಲ್ಲದೆ ಉಣುಗು ಕಚ್ಚಿ ಬರುವ ಎರ್ಲಿಕಿಯಾ ಜ್ವರವಾಗಿದ್ದರೆ? ಅದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಕುಸಿದಿರುತ್ತವೆ. ಅಂಥ ನಾಯಿಗೆ ಚಾಕು ತಾಗಿಸಿದರೆ ರಕ್ತ ನಿಲ್ಲುವುದಿಲ್ಲ. ಉಣುಗು ತುಂಬಿದ ಈ ಮಲೆನಾಡಿನಲ್ಲಿ ಯಾವ ಆಪರೇಷನ್ನಿಗೂ ಮೊದಲು ರಕ್ತ ಪರೀಕ್ಷೆ ಕೇಳುವ ವೈದ್ಯರು ಬಿಲ್ಲು ಬೆಳೆಸುತ್ತಿದ್ದಾರೆ ಎಂದು ಯಾರೂ ತಿಳಿಯಬಾರದು.

ಬೀದಿ ಸುತ್ತುವ ನಾಯಿಗಳ ಜನನಾಂಗದ ಮೇಲೆ ಕೆಂಪಗೆ, ಮುಟ್ಟಿದರೆ ರಕ್ತ ಒಸರುವ ಗಡ್ಡೆ ಕಾಣುತ್ತದೆ. ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಹರಡುವ ಕ್ಯಾನ್ಸರ್ ಅದು. ಕತ್ತರಿಸಿದರೆ ಮತ್ತೆ ಬರುವುದುಂಟು, ಆದರೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ ಸಾಮಾನ್ಯವಾಗಿ ಕರಗಿಯೇ ಹೋಗುತ್ತದೆ. ಆ ಔಷಧಿ ದೊರೆತದ್ದು ಲೈನ್‌ಮನೆಗಳ ಮುಂದೆ ತಾನಾಗಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ. ಮೊಲೆಯ ಗಡ್ಡೆಯ ಮಾತು ಬೇರೆ, ಅದನ್ನು ಬೇಗ ಕತ್ತರಿಸಿ ತೆಗೆಯಬೇಕು. ನಾಯಿಗಳಲ್ಲಿ ಸುಮಾರು ಅರ್ಧದಷ್ಟು, ಬೆಕ್ಕುಗಳಲ್ಲಿ ಬಹುಪಾಲು ಕ್ಯಾನ್ಸರೇ ಆಗಿರುತ್ತವೆ. ಕತ್ತರಿಸುವ ಮುನ್ನ ಎದೆಯ ಎಕ್ಸ್‌ರೇ ತೆಗೆಸುವುದು ಅದು ಆಗಲೇ ಶ್ವಾಸಕೋಶಕ್ಕೆ ಹರಡಿದೆಯೇ ಎಂದು ತಿಳಿಯಲು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ದವಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ, ನುಂಗಲಾಗದೆ ಒದ್ದಾಡುವ ನಾಯಿಯನ್ನು ಕಂಡರೆ ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದೇ ಯಾರಿಗಾದರೂ ಅನ್ನಿಸುತ್ತದೆ. ಪ್ರೀತಿಯಿಂದ ಬಾಯಿಗೆ ಕೈ ಹಾಕುತ್ತಾರೆ. ಅದು ಹುಚ್ಚುನಾಯಿ ರೋಗದ ಮಂಕು ರೂಪವೂ ಆಗಿರಬಹುದು. ರೋಗಲಕ್ಷಣ ತೋರಿದ ಮೇಲೆ ರೇಬಿಸ್‌ಗೆ ಮದ್ದಿಲ್ಲ. ಕೈ ಹಾಕಬೇಡಿ. ಜೊಲ್ಲು ತಾಗಿದ್ದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಬೆಕ್ಕಿನ ಸಂಕಟ ಇನ್ನೂ ಗುಪ್ತವಾದದ್ದು. ಗಂಡುಬೆಕ್ಕು ಬೂದಿಗುಂಡಿಯಲ್ಲಿ ಮತ್ತೆ ಮತ್ತೆ ಕೂತು ತಿಣುಕಿದರೆ ಮಲಬದ್ಧತೆ ಎಂದು ಎಣ್ಣೆ ಕುಡಿಸುವವರಿದ್ದಾರೆ. ಹೆಚ್ಚಿನ ಸಲ ಕಟ್ಟಿರುವುದು ಉಚ್ಚೆ. ಅದರ ಮೂತ್ರನಾಳ ಬಹಳ ಸಪೂರ, ಹರಳೋ ಲೋಳೆಯೋ ಅಡ್ಡ ಬಂದರೆ ಸಾಕು. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಧಾನವಾಗುತ್ತ, ಒಂದೆರಡು ದಿನದಲ್ಲೇ ನಿಂತುಹೋಗಬಹುದು. ಅರಿವಳಿಕೆ ಕೊಟ್ಟು ತೆಳುವಾದ ನಳಿಕೆ ತೂರಿಸಿ ಬಿಡಿಸಬೇಕು. ಪದೇಪದೇ ಕಟ್ಟುವುದಾದರೆ ನಾಳವನ್ನು ಅಗಲ ಮಾಡುವ ಶಸ್ತ್ರಚಿಕಿತ್ಸೆ ಇದೆ. ಇನ್ನು ದಾರ ನುಂಗಿದ ಬೆಕ್ಕು. ಗೋಣಿ ಹೊಲಿಯುವ ದಾರ, ಹೂ ಕಟ್ಟಿದ ನೂಲು ಆಟವಾಡುತ್ತಲೇ ಒಳಗೆ ಹೋಗುತ್ತದೆ. ಒಂದು ತುದಿ ನಾಲಗೆಯ ಬುಡಕ್ಕೆ ಸುತ್ತಿಕೊಂಡಿರುತ್ತದೆ, ಇನ್ನೊಂದು ಕರುಳಿನಲ್ಲಿ ಇಳಿಯುತ್ತಿರುತ್ತದೆ. ಲಾಡಿ ಎಳೆದಾಗ ಲಂಗ ನೆರಿಗೆಗಟ್ಟುವಂತೆ ಕರುಳೆಲ್ಲ ಆ ದಾರದ ಮೇಲೆ ಕುಗ್ಗಿಬಿಡುತ್ತದೆ. ವಾಂತಿ ಮಾಡುವ ಬೆಕ್ಕಿನ ನಾಲಗೆಯನ್ನು ಎತ್ತಿ ನೋಡುವುದು ಅದಕ್ಕೇ. ಕಂಡ ದಾರವನ್ನು ಎಳೆದರೆ ಮಾತ್ರ ಕರುಳು ಕೊಯ್ದುಹೋಗುತ್ತದೆ.

ಬೆಕ್ಕಿಗೆ ಜ್ವರವೆಂದು ಪ್ಯಾರಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆ ಕೊಲ್ಲಬಲ್ಲದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗಿಲ್ಲ. ಗಾಯದಲ್ಲಿ ಹುಳ ಬಿದ್ದಾಗ ಸೀತಾಫಲದ ಎಲೆ ಅರೆದು ಹಚ್ಚುವ ರೂಢಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪೆಟ್ರೋಲು, ಫಿನಾಯಿಲು ಸುರಿಯುವುದು ಹುಳದ ಜೊತೆ ಮಾಂಸವನ್ನೂ ಸುಡುವ ಕೆಲಸ.

"ಒಂದು ಕಂತ್ರಿ ನಾಯಿಗೆ ಇಷ್ಟು ಖರ್ಚಾ? ಇನ್ನೊಂದು ಮರಿ ತಂದರಾಯ್ತಪ್ಪ." ಈ ಮಾತನ್ನು ನಾನು ಕೇಳದ ಊರಿಲ್ಲ. ಹೇಳುವವರೆಲ್ಲ ಕಲ್ಲುಮನಸ್ಸಿನವರೇನಲ್ಲ. ದೊಡ್ಡ ಆಪರೇಷನ್ ಒಂದರ ಖರ್ಚು ತೋಟದ ಕೂಲಿಯವರಿಗೆ ಹಲವು ದಿನಗಳ ದುಡಿಮೆ. ಲೈನ್‌ಮನೆಯ ತಾಯಿ ತನ್ನ ಮಗುವಿನ ಔಷಧಿಗೂ ನಾಯಿಯ ಔಷಧಿಗೂ ನಡುವೆ ಆರಿಸಬೇಕಾಗಿ ಬಂದರೆ ಆಕೆಯನ್ನು ತಪ್ಪು ಎನ್ನುವ ಹಕ್ಕು ಯಾರಿಗೂ ಇಲ್ಲ. ತೋಟದವರ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಆ ನಾಯಿ ಹಂದಿಯ ಎದುರು ನಿಂತದ್ದು ನಮ್ಮ ಬೆಳೆಗಾಗಿ. ಕೆಲಸಕ್ಕೆ ಹಚ್ಚಿದ ಜೀವದ ಗಾಯ ಹಚ್ಚಿದವರ ಲೆಕ್ಕಕ್ಕೇ ಸೇರಬೇಕು. ಬೆನ್ನುಮೂಳೆ ಮುರಿದು ವಾಸಿಯಾಗುವ ಆಸೆಯೇ ಇಲ್ಲದಿದ್ದಾಗ, ಕ್ಯಾನ್ಸರ್ ಶ್ವಾಸಕೋಶ ತುಂಬಿದಾಗ, ವೈದ್ಯರ ಕೈಯಿಂದ ನೋವಿಲ್ಲದ ಸಾವು ಕೊಡಿಸುವುದೂ ಅದೇ ಲೆಕ್ಕದ್ದು. ಮೂಲೆಯಲ್ಲಿ ನರಳಲು ಬಿಟ್ಟು "ಅದರ ಹಣೆಬರಹ" ಎಂದು ಕೈತೊಳೆದುಕೊಳ್ಳುವುದು ಆ ಲೆಕ್ಕಕ್ಕೆ ಸೇರುವುದಿಲ್ಲ.

ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಯ ಡೈರಿ ಇರುತ್ತದೆ. ದಿನದಿನದ ಮಳೆಯನ್ನು ಇಂಚು-ಸೆಂಟು ಲೆಕ್ಕದಲ್ಲಿ ಅಜ್ಜನ ಕಾಲದಿಂದ ಬರೆದಿಟ್ಟವರಿದ್ದಾರೆ. ಹೂಮಳೆ ಯಾವ ದಿನ ಬಂತು ಎಂದು ಕೇಳಿದರೆ ಮೂವತ್ತು ವರ್ಷದ್ದು ಹೇಳುತ್ತಾರೆ. ಅದೇ ಡೈರಿಯ ಅಂಚಿನಲ್ಲಿ ಹೆಣ್ಣುನಾಯಿ ಬೆದೆಗೆ ಬಂದ ದಿನ, ರೇಬಿಸ್ ಲಸಿಕೆ ಹಾಕಿಸಿದ ದಿನ, ಉಣುಗಿನ ಔಷಧಿ ಹಾಕಿದ ದಿನವನ್ನೂ ಬರೆಯಿರಿ. ಮರಿ ಬೇಡವಾದರೆ ಚಿಕ್ಕ ವಯಸ್ಸಿನಲ್ಲೇ ಸಂತಾನಹರಣ ಮಾಡಿಸಿ, ಗರ್ಭಕೋಶದ ಕೀವಿನ ಭಯ ಅಲ್ಲಿಗೆ ತಪ್ಪುತ್ತದೆ. ರಾತ್ರಿ ಹೊತ್ತು ಯಾವ ಊರಿನಲ್ಲಿ ಯಾವ ವೈದ್ಯರು ಹೊಟ್ಟೆಯ ಆಪರೇಷನ್ ಮಾಡುತ್ತಾರೆ ಎಂದು ಹಂದಿ ತಿವಿಯುವ ಮೊದಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ. ಸರ್ಕಾರದ ಪಶು ಆಂಬುಲೆನ್ಸ್ ಸಹಾಯವಾಣಿ 1962. ಜೀಪು ಹೊರಡುವಾಗ, ಆ ನಾಯಿಗೆ ಅನ್ನ ಹಾಕುವವರನ್ನೂ ಹತ್ತಿಸಿಕೊಳ್ಳಿ. ಆ ದಿನದ ಕೂಲಿ ಅವರಿಗೆ ಕೊಟ್ಟೇ ಕರೆದುಕೊಂಡು ಹೋಗಿ.